ಪ್ಲಾಸ್ಟಿಕ್ಕಿನ ಜಾನಮಾಜು: ಬಣ್ಣ ಬರುವುದು ಎಲ್ಲಿಂದ?

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ವಿಜ್ಞಾನದ ಮಾತನ್ನು ವಿಜ್ಞಾನದ ಮಾಸ್ತರರೇ ಆಡಬೇಕು, ಇವನೇಕೆ ನಿಂತ ಎಂದು ನೀವು ಕೇಳಬಹುದು. ಕಾರಣವಿದೆ. ಈ ವಿಷಯವನ್ನು ನನಗೆ ಕಲಿಸಿದವನು ನನ್ನದೇ ತರಗತಿಯ ಒಬ್ಬ ಹುಡುಗ. ಆ ಋಣ ತೀರಿಸಲು ಈ ಭಾಷಣ.

ಒಂದು ದಿನ ಒಂಬತ್ತನೇ ತರಗತಿಯಲ್ಲಿ 'ರಂಗ್' ಎಂಬ ಶಬ್ದ ಬಂತು. ಉರ್ದುವಿನ ರಂಗ್ ಕನ್ನಡದಲ್ಲಿ ರಂಗು ಆಗಿದೆ. ಬಟ್ಟೆಗೆ ಬಣ್ಣ ಹಾಕುವವನು ರಂಗ್ರೇಜ್ ಎಂದು ಹೇಳಿಕೊಡುತ್ತಿದ್ದೆ. ಆಗ ಒಬ್ಬ ವಿದ್ಯಾರ್ಥಿನಿ ಎದ್ದು, "ಸರ್, ನಮ್ಮ ಮನ್ಯಾಗಿನ ಜಾನಮಾಜು ಪ್ಲಾಸ್ಟಿಕ್ಕಿಂದು ಅಂತಾರ. ಅದಕ್ಕ ಬಣ್ಣ ಹ್ಯಾಂಗ ಹಾಕ್ತಾರ್ರಿ?" ಎಂದು ಕೇಳಿದಳು. ನಾನು ಯೋಚಿಸದೆ, "ನಮ್ಮ ರಬಕವಿ-ಬನಹಟ್ಟಿಯಲ್ಲಿ ಹತ್ತಿಯ ನೂಲನ್ನು ಕುದಿಯುವ ಬಣ್ಣದಲ್ಲಿ ಅದ್ದುವುದಿಲ್ಲವೇ? ಹಾಗೆಯೇ" ಎಂದುಬಿಟ್ಟೆ.

ಕೊನೆಯ ಬೆಂಚಿನ ಹುಡುಗನೊಬ್ಬ ತಲೆ ಅಲ್ಲಾಡಿಸಿದ. ಅವನ ತಂದೆಯದು ಗುಜರಿ ಅಂಗಡಿ. "ಇಲ್ರಿ ಸರ್, ಆ ಎಳಿಗೆ ಬಣ್ಣ ಹತ್ತೂದಿಲ್ಲ. ಹೋಳಿ ಬಣ್ಣ ತುಂಬಿದ್ದ ಚೀಲ ನಮ್ಮ ಅಂಗಡಿಗೆ ಬರ್ತಾವು. ತೊಳದ್ರ ಮತ್ತ ಬೆಳ್ಳಗ ಆಗ್ತಾವು" ಎಂದ.

ಮರುದಿನ ಪರೀಕ್ಷೆ ಮಾಡಿಯೇ ನೋಡಿದೆವು. ಒಂದು ಪಾತ್ರೆಯಲ್ಲಿ ನೀರು, ಉಪ್ಪು, ಬಟ್ಟೆಗೆ ಹಾಕುವ ಕೆಂಪು ಬಣ್ಣದ ಪುಡಿ. ಅದರಲ್ಲಿ ಬನಹಟ್ಟಿಯ ಹತ್ತಿ ನೂಲನ್ನೂ ಗೊಬ್ಬರದ ಚೀಲದಿಂದ ಬಿಚ್ಚಿದ ಬಿಳಿ ಎಳೆಯನ್ನೂ ಹಾಕಿ ಅರ್ಧ ತಾಸು ಕುದಿಸಿದೆವು. ತೆಗೆದು ತೊಳೆದಾಗ ಹತ್ತಿ ಕೆಂಪಾಗಿತ್ತು. ಚೀಲದ ಎಳೆ ಬೆಳ್ಳಗೆ ಉಳಿದಿತ್ತು. ಹುಡುಗ ಗೆದ್ದ, ಮಾಸ್ತರ ಸೋತ.

ಹೀಗೇಕೆ? ಇದನ್ನು ತಿಳಿಯಲು ನಾನು ಪುಸ್ತಕ ಹಿಡಿದು ಕೂರಬೇಕಾಯಿತು. ಗೊಬ್ಬರದ ಚೀಲ, ನಾವು ಹಾಸುವ ಪ್ಲಾಸ್ಟಿಕ್ ಚಾಪೆ, ಅಗ್ಗದ ಕಾರ್ಪೆಟ್ಟು, ಇವೆಲ್ಲ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನವು. 1954ರಲ್ಲಿ ಇಟಲಿಯ ಜೂಲಿಯೋ ನಟ್ಟಾ ಎಂಬ ವಿಜ್ಞಾನಿ ಇದನ್ನು ಕ್ರಮಬದ್ಧವಾದ ಉದ್ದ ಸರಪಳಿಯಾಗಿ ಜೋಡಿಸಿ ತೋರಿಸಿದರು. ಇಂಥ ಕೆಲಸಕ್ಕಾಗಿ 1963ರಲ್ಲಿ ಅವರಿಗೂ ಜರ್ಮನಿಯ ಕಾರ್ಲ್ ಜೀಗ್ಲರ್ ಅವರಿಗೂ ನೊಬೆಲ್ ಬಹುಮಾನ ಬಂತು. ನಮ್ಮ ರಾಜ್ಯದಲ್ಲೇ, ಮಂಗಳೂರಿನ ಎಂ.ಆರ್.ಪಿ.ಎಲ್. ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ, 2015ರಿಂದ ಪಾಲಿಪ್ರೊಪಿಲೀನ್ ತಯಾರಾಗುತ್ತಿದೆ. ಆ ಘಟಕದ ಸಾಮರ್ಥ್ಯ ವರ್ಷಕ್ಕೆ 4 ಲಕ್ಷ 40 ಸಾವಿರ ಟನ್.

ಹತ್ತಿಯ ಎಳೆಯ ಕಣಗಳಲ್ಲಿ ನೀರನ್ನೂ ಬಣ್ಣವನ್ನೂ ಹಿಡಿದುಕೊಳ್ಳುವ 'ಕೈ'ಗಳಿವೆ ಎಂದು ತಿಳಿಯಿರಿ. ನೈಲಾನಿನಲ್ಲೂ ಅಂಥ ಕೈಗಳಿವೆ. ಆದ್ದರಿಂದ ಅದಕ್ಕೂ ಅದ್ದಿ ಬಣ್ಣ ಹಾಕಬಹುದು. ಪಾಲಿಯೆಸ್ಟರ್ ಸ್ವಲ್ಪ ಹಟಮಾರಿ. ಅದನ್ನು ಮುಚ್ಚಿದ ಪಾತ್ರೆಯಲ್ಲಿ, ಕುಕ್ಕರಿನ ಹಾಗೆ ಒತ್ತಡ ಕೊಟ್ಟು, ಸುಮಾರು 130 ಡಿಗ್ರಿ ಶಾಖದಲ್ಲಿ ಬೇಯಿಸಿದರೆ ಬಣ್ಣ ಒಳಗೆ ಇಳಿಯುತ್ತದೆ. ಪಾಲಿಪ್ರೊಪಿಲೀನ್‌ನಲ್ಲಿ ಇರುವುದು ಇಂಗಾಲ ಮತ್ತು ಜಲಜನಕ ಮಾತ್ರ. ಅದಕ್ಕೆ ಬಣ್ಣ ಹಿಡಿಯುವ ಕೈಗಳೇ ಇಲ್ಲ. ನೀರನ್ನೂ ಅದು ಹತ್ತಿರ ಸೇರಿಸುವುದಿಲ್ಲ.

ಹಾಗಾದರೆ ಬಣ್ಣ ಎಲ್ಲಿಂದ ಬಂತು? ನೂಲು ಹುಟ್ಟುವ ಮೊದಲೇ ಬಂತು.

ತಾಯಂದಿರಿಗೆ ಇದು ಬೇಗ ಅರ್ಥವಾಗುತ್ತದೆ. ರಂಜಾನ್ ಹಬ್ಬಕ್ಕೆ ನೀವು ಶಾವಿಗೆ ಒತ್ತುತ್ತೀರಿ. ಒಣಗಿದ ಶಾವಿಗೆಯ ಮೇಲೆ ಅರಿಶಿಣ ಉದುರಿಸಿದರೆ ಅಲ್ಲಲ್ಲಿ ಹತ್ತಿ ಉದುರಿಹೋಗುತ್ತದೆ. ಹಿಟ್ಟು ನಾದುವಾಗಲೇ ಹಾಕಿದರೆ ಎಳೆಯ ಒಳಗೂ ಹೊರಗೂ ಒಂದೇ ಹಳದಿ. ಕಾರ್ಖಾನೆಯಲ್ಲಿ ಮಾಡುವುದೂ ಇದನ್ನೇ.

ಪ್ಲಾಸ್ಟಿಕ್ ಕಾರ್ಖಾನೆಗೆ ಬರುವುದು ಅಕ್ಕಿ ಕಾಳಿನಂಥ ಗುಳಿಗೆಗಳ ರೂಪದಲ್ಲಿ. ವ್ಯಾಪಾರದವರು ಇದಕ್ಕೆ 'ದಾಣಾ' ಎನ್ನುತ್ತಾರೆ. ಇದರ ಜೊತೆ ಬಣ್ಣವನ್ನು ದಟ್ಟವಾಗಿ ತುಂಬಿದ ಬೇರೆ ಗುಳಿಗೆಗಳನ್ನು ಬೆರೆಸುತ್ತಾರೆ. ಇವುಗಳ ಹೆಸರು ಮಾಸ್ಟರ್‌ಬ್ಯಾಚ್. ನೂರು ಕಿಲೋ ದಾಣಾಕ್ಕೆ ಕೆಲವೇ ಕಿಲೋ ಸಾಕು. ಬಿಳುಪಿಗೆ ಟೈಟಾನಿಯಂ ಡೈಆಕ್ಸೈಡ್, ಕಪ್ಪಿಗೆ ಇಂಗಾಲದ ಮಸಿ, ಇಟ್ಟಿಗೆ ಕೆಂಪಿಗೆ ಕಬ್ಬಿಣದ ಆಕ್ಸೈಡ್, ನೀಲಿ ಮತ್ತು ಹಸಿರಿಗೆ ಥಾಲೊಸಯನಿನ್ ಎಂಬ ವರ್ಣದ್ರವ್ಯ. ಈ ಕೊನೆಯದು 1928ರಲ್ಲಿ ಸ್ಕಾಟ್ಲೆಂಡಿನ ಒಂದು ಬಣ್ಣದ ಕಾರ್ಖಾನೆಯಲ್ಲಿ ಆಕಸ್ಮಿಕವಾಗಿ ಕಣ್ಣಿಗೆ ಬಿದ್ದದ್ದು.

ಬೆರೆಸಿದ ಗುಳಿಗೆಗಳು ಒಂದು ಬಿಸಿ ಕೊಳವೆಗೆ ಇಳಿಯುತ್ತವೆ. ಒಳಗೆ ದೊಡ್ಡ ತಿರುಪು ತಿರುಗುತ್ತಿರುತ್ತದೆ. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಯಲ್ಲಿ ಕರಗುತ್ತದೆ. ಸರಾಗವಾಗಿ ಹರಿಯಲು ಕೊಳವೆಯನ್ನು ಇನ್ನೂ ಹೆಚ್ಚು, 200 ಡಿಗ್ರಿಗೂ ಮೇಲೆ ಕಾಯಿಸುತ್ತಾರೆ. ತಿರುಪು ಅದನ್ನು ಬಣ್ಣದೊಡನೆ ಚೆನ್ನಾಗಿ ನಾದಿ ಮುಂದೆ ದೂಡುತ್ತದೆ. ತುದಿಯಲ್ಲಿ ಶಾವಿಗೆ ಬಿಲ್ಲೆಯಂತೆ ಸಣ್ಣ ತೂತುಗಳ ತಟ್ಟೆ. ಕಾರ್ಪೆಟ್ಟಿನ ಎಳೆಗಾಗಿ ಈ ತೂತುಗಳನ್ನು ಹಲವು ವೇಳೆ ಮೂರು ದಳದ ಎಲೆಯ ಆಕಾರದಲ್ಲಿ ಕೊರೆದಿರುತ್ತಾರೆ. ಆ ಆಕಾರದ ಎಳೆ ದುಂಡು ಎಳೆಗಿಂತ ಹೆಚ್ಚು ಮೈದುಂಬಿ ಕಾಣುತ್ತದೆ, ಕೊಳೆಯನ್ನೂ ಕಡಿಮೆ ತೋರಿಸುತ್ತದೆ.

ಹೊರಬಂದ ಎಳೆಗಳು ತಣ್ಣನೆಯ ಗಾಳಿಯಲ್ಲಿ ಗಟ್ಟಿಯಾಗುತ್ತವೆ. ಆಮೇಲೆ ಬಿಸಿ ಉರುಳೆಗಳ ನಡುವೆ ಅವುಗಳನ್ನು ಹಲವು ಪಟ್ಟು ಉದ್ದಕ್ಕೆ ಎಳೆಯುತ್ತಾರೆ. ಒಳಗಿನ ಸರಪಳಿಗಳು ನಮಾಜಿನ ಸಫ್‌ನಂತೆ ಸಾಲಾಗಿ ನಿಲ್ಲುತ್ತವೆ. ಎಳೆಗೆ ಬಲ ಬರುತ್ತದೆ. ನಂತರ ಬಿಸಿ ಗಾಳಿಯ ಹೊಡೆತದಿಂದ ಎಳೆಯನ್ನು ಗುಂಗುರು ಮಾಡುತ್ತಾರೆ. ಈ ಗುಂಗುರಿನಿಂದಲೇ ಕಾರ್ಪೆಟ್ಟು ಕಾಲಿಗೆ ಮೆತ್ತಗೆ ತಾಗುವುದು. ಹೀಗೆ ಸಿದ್ಧವಾದ ಬಣ್ಣದ ನೂಲು ಮಗ್ಗಕ್ಕೆ ಹೋದರೆ ನೇಯ್ದ ಜಾನಮಾಜಾಗುತ್ತದೆ. ಇಲ್ಲವೇ ಸೂಜಿಗಳ ಯಂತ್ರಕ್ಕೆ ಹೋಗಿ ಒಂದು ತೆಳು ಬಟ್ಟೆಯಲ್ಲಿ ಕುಣಿಕೆ ಕುಣಿಕೆಯಾಗಿ ನಾಟಿಕೊಳ್ಳುತ್ತದೆ. ಆ ಬಟ್ಟೆಯ ಬೆನ್ನಿಗೆ ಸುಣ್ಣಕಲ್ಲಿನ ನಯವಾದ ಪುಡಿ ಬೆರೆಸಿದ ರಬ್ಬರಿನಂಥ ಅಂಟು ಬಳಿಯುತ್ತಾರೆ. ನಮ್ಮ ಲೋಕಾಪುರದ ಸುತ್ತ ನೆಲದಲ್ಲಿ ಬಿದ್ದಿರುವ ಸುಣ್ಣಕಲ್ಲೂ ಅದೇ ವಸ್ತು.

ಈ ವಿಧಾನದಲ್ಲಿ ಬಣ್ಣ ತೊಳೆದರೆ ಹೋಗದು, ಬಿಸಿಲಿಗೂ ಬೇಗ ಮಾಸದು. ಬಣ್ಣದ ಕೊಳಚೆ ನೀರು ಹಳ್ಳಕ್ಕೆ ಹರಿಯುವುದಿಲ್ಲ. ಆದರೆ ಒಳ್ಳೆಯದನ್ನು ಮಾತ್ರ ಹೇಳಿ ಕೂರುವುದು ಸರಿಯಲ್ಲ. ಈ ಎಳೆ ಬೆಂಕಿಯ ಕಿಡಿಗೆ ಕರಗುತ್ತದೆ. ಸದಾ ಮಂಡಿ ಊರುವ ಜಾಗದಲ್ಲಿ ನೈಲಾನಿಗಿಂತ ಬೇಗ ಚಪ್ಪಟೆಯಾಗುತ್ತದೆ. ಮಣ್ಣಿನಲ್ಲಿ ಕೊಳೆಯದು. ನೂಲು, ಅಂಟು, ಸುಣ್ಣ ಒಂದಾಗಿ ಕೂಡಿರುವುದರಿಂದ ಹಳೆಯ ಕಾರ್ಪೆಟ್ಟನ್ನು ಮತ್ತೆ ಕರಗಿಸುವುದೂ ಕಷ್ಟ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ನಮ್ಮ ಸಮಾಜದ ಹೆಣ್ಣುಮಕ್ಕಳು ಹತ್ತಿ ನೂಲಿನಿಂದ ಕೈಯಲ್ಲಿ ನೇಯುವ ಜಮಖಾನೆಗೆ ಭೌಗೋಳಿಕ ಮಾನ್ಯತೆ ದೊರೆತಿದೆ. ಆದರೂ ಯಂತ್ರದ ಅಗ್ಗದ ಹಾಸಿನ ಮುಂದೆ ಅವರ ಶ್ರಮಕ್ಕೆ ತಕ್ಕ ಬೆಲೆ ಸಿಗುವುದು ಕಷ್ಟವಾಗಿದೆ. ಕೊಳ್ಳುವಾಗ ಇದನ್ನೂ ನೆನೆಯಿರಿ. ಕೊಂಡದ್ದನ್ನು ಬಹಳ ವರ್ಷ ಬಳಸಿರಿ.

ಇನ್ನು ನೀರಿನ ಬಾಟಲಿಯ ವಿಷಯ. ಅದು ಪಾಲಿಯೆಸ್ಟರ್ ಜಾತಿಯ ಪ್ಲಾಸ್ಟಿಕ್. ಬಾಟಲಿಗಳನ್ನು ಆರಿಸಿ, ಚೂರು ಮಾಡಿ, ತೊಳೆದು, ಒಣಗಿಸಿ, ಸುಮಾರು 260 ಡಿಗ್ರಿಗೂ ಮೇಲೆ ಕರಗಿಸಿ ಅದರಿಂದಲೂ ಕಾರ್ಪೆಟ್ಟಿನ ಎಳೆ ತೆಗೆಯುತ್ತಾರೆ. ತೊಳೆಯುವ ತೊಟ್ಟಿಯಲ್ಲಿ ಬಾಟಲಿಯ ಚೂರು ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಹೀಗೆ ಎರಡೂ ಬೇರೆಯಾಗುತ್ತವೆ. ಬಿಳಿ ಬಾಟಲಿಗೆ ಬೆಲೆ ಹೆಚ್ಚು, ಏಕೆಂದರೆ ಅದರಿಂದ ಬೇಕಾದ ಬಣ್ಣ ಮಾಡಬಹುದು. ಹಸಿರು ಬಾಟಲಿಯಿಂದ ಗಾಢ ಬಣ್ಣ ಮಾತ್ರ ಸಾಧ್ಯ. ಪಿ.ವಿ.ಸಿ. ಚೂರುಗಳು ಸ್ವಲ್ಪ ಸೇರಿದರೂ ಆ ಶಾಖಕ್ಕೆ ಅವು ಸುಟ್ಟು ಆಮ್ಲ ಬಿಟ್ಟು ಇಡೀ ಕರಗನ್ನು ಕೆಡಿಸುತ್ತವೆ. ಅಂದರೆ ಕಾರ್ಖಾನೆಯ ಗುಣಮಟ್ಟ ಶುರುವಾಗುವುದು ಗುಜರಿ ಅಂಗಡಿಯಲ್ಲಿ ಆರಿಸುವವನ ಕೈಯಿಂದ.

ಬಾಟಲಿಯಿಂದಾದ ಹಾಸಿನ ಮೇಲೆ ನಮಾಜು ಆಗುತ್ತದೆಯೇ ಎಂದು ಮಕ್ಕಳು ಕೇಳಿದರು. ನಾನು ಆಲಿಮನಲ್ಲ, ನಮ್ಮ ಇಮಾಮ್ ಸಾಹೇಬರನ್ನು ಕೇಳಿದೆ. ಜಾಗ ಪಾಕ್ ಇರಬೇಕು, ಹಾಸು ಯಾವುದರದು ಎಂಬುದು ಮುಖ್ಯವಲ್ಲ, ಪ್ರವಾದಿಯವರು (ಸ.ಅ.) ಖರ್ಜೂರದ ಗರಿಯ ಸಣ್ಣ ಚಾಪೆಯ ಮೇಲೂ ನಮಾಜು ಮಾಡಿದ್ದಾರೆ ಎಂದು ಅವರು ತಿಳಿಸಿದರು.

ಈಗ ನನ್ನ ತಪ್ಪನ್ನು ಹೇಳಬೇಕು. ಇದೆಲ್ಲಕ್ಕೂ ಮೊದಲು, ಅದೇ ತರಗತಿಯಲ್ಲಿ, ಮನೆಗೆಲಸ ಮಾಡದ ಮಕ್ಕಳಿಗೆ "ಓದದಿದ್ದರೆ ಗುಜರಿ ಆರಿಸಬೇಕಾಗುತ್ತದೆ" ಎಂದು ನಾನು ಬೈದಿದ್ದೆ. ಆ ಹುಡುಗ ಅಲ್ಲೇ ಕುಳಿತಿದ್ದ. ಹತ್ತನೇ ತರಗತಿಗೆ ಬಂದವನು ದೀಪಾವಳಿ ರಜೆಯ ನಂತರ ಶಾಲೆಗೆ ಬರಲಿಲ್ಲ. ನಾನು ಅಂಗಡಿಗೆ ಹೋದೆ. ಅವನ ತಂದೆ ಚಹಾ ತರಿಸಿದರು. "ಮಾಸ್ತರ್ ಸಾಬ್, ಕಡೀಕ ಮಾಡೂದು ಇದ ಕೆಲಸ ಅಂತ ನೀವ ಹೇಳೀರಂತಲ್ರಿ, ಮತ್ಯಾಕ ಕಲೀಬೇಕು?" ಎಂದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಆ ಚಹಾ ಕುಡಿಯಲಾಗಲಿಲ್ಲ. ತಂದೆ-ಮಗ ಇಬ್ಬರ ಮುಂದೆಯೂ ತಪ್ಪೊಪ್ಪಿಕೊಂಡೆ.

ಈ ವರ್ಷ ಅವನು ಖಾಸಗಿ ಅಭ್ಯರ್ಥಿಯಾಗಿ ಹತ್ತನೆಯ ಪರೀಕ್ಷೆಗೆ ಹೆಸರು ಹಚ್ಚಿದ್ದಾನೆ. ಮಗ್ರಿಬ್ ನಮಾಜಿನ ನಂತರ ಒಂದು ತಾಸು ಅಂಗಡಿಯಲ್ಲೇ ಕೂರುತ್ತೇವೆ. ಪಾಸಾಗುತ್ತಾನೋ ಇಲ್ಲವೋ ಈಗಲೇ ಹೇಳಲಾರೆ. ಗಣಿತ ಇನ್ನೂ ಕಷ್ಟವಿದೆ.

ಶಿಕ್ಷಕ ಬಂಧುಗಳೇ, ಮಕ್ಕಳ ತಂದೆಯ ಕಸುಬನ್ನು ತರಗತಿಯಲ್ಲಿ ಬೈಗುಳವಾಗಿ ಬಳಸಬೇಡಿ. ಪಾಲಕರೇ, ಮಕ್ಕಳನ್ನು ಹತ್ತನೆಯ ಮೆಟ್ಟಿಲಾದರೂ ದಾಟಿಸಿ. ಕೇಂದ್ರ ಸರ್ಕಾರ 1968ರಲ್ಲಿ ಚೆನ್ನೈನಲ್ಲಿ ಆರಂಭಿಸಿದ ಸಿಪೆಟ್ ಸಂಸ್ಥೆಯ ಶಾಖೆ ನಮ್ಮ ಮೈಸೂರಿನಲ್ಲಿದೆ. ಎಸ್.ಎಸ್.ಎಲ್.ಸಿ. ಪಾಸಾದವರಿಗೆ ಅಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನದ ಮೂರು ವರ್ಷದ ಡಿಪ್ಲೊಮಾ ಇದೆ. ಮುಟ್ಟಿ ನೋಡಿ, ನೀರಲ್ಲಿ ತೇಲಿಸಿ ನೋಡಿ ಪ್ಲಾಸ್ಟಿಕ್ಕಿನ ಜಾತಿ ಹೇಳುವ ಮಕ್ಕಳು ನಮ್ಮಲ್ಲಿದ್ದಾರೆ. ಆ ಕೈತಿಳಿವಿಗೆ ಓದು ಸೇರಿದರೆ ಆರಿಸುವ ಕೈಗಳೇ ನಾಳೆ ಯಂತ್ರ ನಡೆಸಬಹುದು.

 ಆ ಹುಡುಗನ ಪರೀಕ್ಷೆಗೆ ನೀವೆಲ್ಲರೂ ದುವಾ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಖುದಾ ಹಾಫಿಜ್.