ಮಗುವಿರುವ ಮನೆಯ ದಾಸ್ತಾನು



ತಪ್ಪುಹೆಜ್ಜೆಯಿಡುವ ಮಗುವಿರುವ ಮನೆಯನ್ನು ಅಚ್ಚುಕಟ್ಟಾಗಿ ಇಡುವುದು ಹೇಗೆಂದು ಹೇಳಲು ಲೆಕ್ಕಪರಿಶೋಧಕನನ್ನು ಕರೆದಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಇದು ದಾಸ್ತಾನಿನ ಪ್ರಶ್ನೆಯೇ. ನಮ್ಮ ಐರೋಲಿಯಲ್ಲಿ ಸಿಡ್ಕೊ ಕಟ್ಟಿದ ಚಿಕ್ಕ ಮನೆಗಳಲ್ಲಿ ಒಂದೇ ಕೋಣೆ ಹಗಲಿಗೆ ಆಟದ ಅಂಗಳ, ಸಂಜೆಗೆ ಊಟದ ಮನೆ, ರಾತ್ರಿಗೆ ಮಲಗುವ ಸ್ಥಳ. ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಹಗ್ಗವೂ ಅಲ್ಲಿಯೇ. ಅಂತಹ ಮನೆಯೊಳಗೆ ಬರುವ ಪ್ರತಿಯೊಂದು ಆಟಿಕೆಗೂ ಜಾಗ ಬೇಕು. ಅದನ್ನು ದಿನಕ್ಕೆ ಹತ್ತು ಬಾರಿ ಎತ್ತಿಡಲು ಕೈ ಬೇಕು. ಆಟಿಕೆಯ ಬೆಲೆಯನ್ನು ನಾವು ಬರೆದಿಡುತ್ತೇವೆ, ಕೈಯ ಬೆಲೆಯನ್ನಲ್ಲ.

ಆ ಕೈ ಯಾರದು? ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಂತೆ, ಮನೆಗೆಲಸ ಮಾಡುವವರಲ್ಲಿ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ, ಪುರುಷರು 97 ನಿಮಿಷ ವೇತನವಿಲ್ಲದೆ ದುಡಿಯುತ್ತಿದ್ದರು. 2024ರ ಸಮೀಕ್ಷೆಯಲ್ಲಿ ಈ ಅಂಕಿಗಳು 289 ಮತ್ತು 88. ಹೆಂಗಸರ ಹೊರೆ ಹತ್ತು ನಿಮಿಷ ಇಳಿಯುವಷ್ಟರಲ್ಲಿ ಗಂಡಸರಾದ ನಾವೂ ಒಂಬತ್ತು ನಿಮಿಷ ಇಳಿಸಿಕೊಂಡಿದ್ದೇವೆ! ಮಗುವಿನ ಆರೈಕೆ ಇದರಲ್ಲಿ ಸೇರಿಲ್ಲ. ಅದಕ್ಕೆ ಬೇರೆಯೇ ಅಂಕಣವಿದೆ. ಇಷ್ಟಾದರೂ ಮನೆಗೆ ಬಂದ ನೆಂಟರು ಚದುರಿದ ಹಾಲ್ ನೋಡಿ ಕೇಳುವುದು ಸೊಸೆಯನ್ನೇ: "ಇಡೀ ದಿನ ಮನೆಯಲ್ಲೇ ಇರ್ತೀಯಲ್ಲಮ್ಮ?"

2021ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಕೀರ್ತಿ ಪ್ರಕರಣದ ತೀರ್ಪಿನಲ್ಲಿ ನ್ಯಾಯಮೂರ್ತಿ ಎನ್. ವಿ. ರಮಣ ಅವರು 2019ರ ಇದೇ ಅಂಕಿಗಳನ್ನು ಉಲ್ಲೇಖಿಸಿ, ಗೃಹಿಣಿಯ ದುಡಿಮೆಗೆ ಕಲ್ಪಿತ ಆದಾಯ ನಿಗದಿಪಡಿಸುವುದನ್ನು ಸಮರ್ಥಿಸಿದರು. ಅದು ರಸ್ತೆ ಅಪಘಾತದ ಪರಿಹಾರದ ಮೊಕದ್ದಮೆ. ಅಂದರೆ ಆಕೆಯ ಗೇಯ್ಮೆಗೆ ಬೆಲೆ ಕಟ್ಟಿದ್ದು ಆಕೆ ಸತ್ತ ಮೇಲೆ. ಹೆರಿಗೆ ಸೌಲಭ್ಯ ಕಾಯಿದೆಯ 2017ರ ತಿದ್ದುಪಡಿಯನ್ನೂ ನೋಡಿ. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯು ಶಿಶುಪಾಲನಾ ಕೇಂದ್ರ ಒದಗಿಸಬೇಕಿತ್ತು, ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿಬರಲು ಬಿಡಬೇಕಿತ್ತು. ಯಾರನ್ನು? ಮಹಿಳೆಯನ್ನು. ಇಲ್ಲಿನ ಐಟಿ ಸಂಕೀರ್ಣಗಳಲ್ಲಿ ದುಡಿಯುವ ತಂದೆಯ ಮಾತು ಆ ಕಲಮಿನಲ್ಲಿರಲಿಲ್ಲ. ಮಗು ತಾಯಿಯ ಖಾತೆಗೆ ಸೇರಿದ್ದೆಂದು ಶಾಸನವೇ ಬರೆದುಕೊಂಡಂತಾಯಿತು.

ಇನ್ನು ಮನೆಯೊಳಗಿನ ಕ್ರಮ. ಮೊದಲು ಅಪಾಯವನ್ನು ಎತ್ತಿಡಿ: ಫಿನಾಯಿಲ್, ಮಾತ್ರೆ, ನಾಣ್ಯ, ರಿಮೋಟಿನ ಗುಂಡಿಯಾಕಾರದ ಬ್ಯಾಟರಿ. ಮುನಿಗಳ ಐದು ಸಮಿತಿಗಳಲ್ಲಿ ಆದಾನ-ನಿಕ್ಷೇಪಣವೂ ಒಂದು. ವಸ್ತುವನ್ನು ನೋಡಿ ಎತ್ತುವುದು, ನೋಡಿ ಇಡುವುದು. ಕಂಡದ್ದನ್ನೆಲ್ಲ ಬಾಯಿಗೆ ಹಾಕುವ ಮಗುವಿನ ಮನೆಯಲ್ಲಿ ಶ್ರಾವಕನಿಗೂ ಅದು ಬೇಕಾದ ಎಚ್ಚರವೇ. ಸೋಫಾದ ಹೊದಿಕೆ ಸುಕ್ಕಾಗಿದ್ದರೆ ಇರಲಿ.

ಆಟಿಕೆಗಳಲ್ಲಿ ಐದಾರನ್ನು ಮಾತ್ರ ಹೊರಗಿಟ್ಟು, ಉಳಿದದ್ದನ್ನು ಲಾಫ್ಟಿಗೇರಿಸಿ, ವಾರಕ್ಕೊಮ್ಮೆ ಬದಲಿಸಿ. ಹೊರಗಿಟ್ಟವು ಮಗುವಿನ ಕೈಗೆಟುಕುವ ತಗ್ಗಿನ ಹಲಗೆಯ ಮೇಲೆ, ಪ್ರತಿಯೊಂದೂ ಗೊತ್ತಾದ ಜಾಗದಲ್ಲಿರಲಿ. ಮರಿಯಾ ಮಾಂಟೆಸರಿಯವರ ಮಕ್ಕಳ ಮನೆ 1907ರಲ್ಲಿ ಆರಂಭವಾದದ್ದು ರೋಮ್ ನಗರದ ಬಡವರ ವಠಾರವೊಂದರಲ್ಲಿ. ಹೆತ್ತವರು ದುಡಿಯಲು ಹೋದಾಗ ಮಕ್ಕಳು ಕಟ್ಟಡವನ್ನು ಕೆಡಿಸುತ್ತಿದ್ದರೆಂಬುದೂ ಅದರ ಹುಟ್ಟಿಗೆ ಒಂದು ಕಾರಣ. ಅಲ್ಲಿಂದ ಬೆಳೆದ ಪದ್ಧತಿಯಲ್ಲಿ, ತೆಗೆದದ್ದನ್ನು ಮರಳಿ ಇಡುವುದು ಮಗುವಿಗೆ ಶಿಕ್ಷೆಯಲ್ಲ, ಆಟದ ಕೊನೆಯ ಭಾಗ. ಎರಡು ವರ್ಷದ ಮಗು ಎಲ್ಲವನ್ನೂ ಇಡುವುದಿಲ್ಲ. ಒಂದನ್ನು ಇಟ್ಟರೂ ಲಾಭವೇ.

ಪರಿಗ್ರಹ ಪರಿಮಾಣವನ್ನು ನಾವು ಚಿನ್ನಕ್ಕೂ ಜಮೀನಿಗೂ ಅನ್ವಯಿಸಿ ಪ್ರವಚನ ಕೇಳುತ್ತೇವೆ. ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಬರುವ ನಲವತ್ತು ಪ್ಲಾಸ್ಟಿಕ್ ಪೆಟ್ಟಿಗೆಗಳು ಆ ಲೆಕ್ಕಕ್ಕೆ ಬರುವುದಿಲ್ಲವೇ? ಆಮಂತ್ರಣದಲ್ಲೇ "ಉಡುಗೊರೆ ಬೇಡ" ಎಂದು ಅಚ್ಚುಹಾಕಿಸಲು ನಮ್ಮ ಹಿರಿಯರು ಒಪ್ಪಿಗೆ ಕೊಡಲಿ. ಕಿರಿಯರಿಗೆ ಅಷ್ಟು ಧೈರ್ಯ ಸಾಲದು. ಠಾಣೆಯಿಂದಲೋ ವಾಶಿಯಿಂದಲೋ ಲೋಕಲ್ ಹಿಡಿದು ಏಳೂವರೆಗೆ ಮನೆ ಸೇರುವ ತಂದೆಯಂದಿರಿಗೆ ನನ್ನ ಕೋರಿಕೆ ಒಂದೇ: ಊಟಕ್ಕೆ ಮುಂಚಿನ ಅರ್ಧ ಗಂಟೆ ಆ ನೆಲವೂ ಆ ಮಗುವೂ ನಿಮ್ಮವು. ಅದನ್ನು "ಹೆಂಡತಿಗೆ ಸಹಾಯ" ಎಂಬ ಶೀರ್ಷಿಕೆಯಡಿ ಜಮಾ ಮಾಡಿಕೊಳ್ಳಬೇಡಿ.