ಗ್ರಂಥದ ಅರ್ಥ ಹೇಳುವವರು ಯಾರು?
(ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಕಥೋಲಿಕರಿಗೂ ಪ್ರಾಟೆಸ್ಟೆಂಟರಿಗೂ ಇರುವ ವ್ಯಾಜ್ಯ ಬೈಬಲ್ ಪವಿತ್ರವೇ ಅಲ್ಲವೇ ಎಂಬುದರ ಮೇಲಲ್ಲ. ಅದು ಉಭಯರಿಗೂ ಪವಿತ್ರವೇ. ಅದರ ಅರ್ಥವನ್ನು ನಿರ್ಣಯಿಸುವ ಕೊನೆಯ ಅಧಿಕಾರ ಯಾರದು ಎಂಬುದೇ ವ್ಯಾಜ್ಯ. ಪರರ ಮನೆಯ ಮಾತು ನಮಗೇಕೆ ಎನ್ನಬೇಡಿ. ಕರಾರುಪತ್ರ ಗಿರಣಿಯ ಕಪಾಟಿನಲ್ಲಿದ್ದು, ಅದರ ಅರ್ಥವನ್ನೂ ಮಾಲೀಕರೇ ಹೇಳತೊಡಗಿದರೆ ಏನಾಗುತ್ತದೆಂದು ನಾವು ಬಲ್ಲೆವು.

1521ರಲ್ಲಿ ಜರ್ಮನಿಯ ವರ್ಮ್ಸ್ ನಗರದಲ್ಲಿ ಮಾರ್ಟಿನ್ ಲೂಥರ್ ಚಕ್ರವರ್ತಿಯ ಮುಂದೆ ನಿಂತ. ಪೋಪರೂ ತಪ್ಪಿದ್ದುಂಟು, ಧರ್ಮಪರಿಷತ್ತುಗಳೂ ತಪ್ಪಿದ್ದುಂಟು. ಗ್ರಂಥದಿಂದಲೋ ಸ್ಪಷ್ಟ ಯುಕ್ತಿಯಿಂದಲೋ ತೋರಿಸಿಕೊಡದ ಹೊರತು ತನ್ನ ಮಾತನ್ನು ಹಿಂದೆಗೆದುಕೊಳ್ಳುವುದಿಲ್ಲ ಎಂದ. ಮರುವರ್ಷ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಯಲ್ಲಿ ಅಚ್ಚು ಹಾಕಿಸಿದ. ಜರ್ಮನ್ ಬೈಬಲ್ಲುಗಳು ಮುಂಚೆಯೂ ಇದ್ದವು. ಈತನದು ಗ್ರೀಕ್ ಮೂಲದಿಂದ ಬಂದದ್ದು, ಸಂತೆಯ ಜನಕ್ಕೆ ತಿಳಿಯುವ ಮಾತಿನಲ್ಲಿದ್ದುದು.

ಕಥೋಲಿಕರ ಉತ್ತರವನ್ನು ಹಗುರವಾಗಿ ತಳ್ಳಲಾಗದು. ಯಾವ ಪುಸ್ತಕಗಳು ಬೈಬಲ್ಲಿಗೆ ಸೇರಬೇಕೆಂದು ನಿಶ್ಚಯಿಸಿದ್ದೇ ಕ್ರೈಸ್ತ ಸಭೆಯಲ್ಲವೆ ಎಂದರು ಅವರು. 1546ರಲ್ಲಿ ಟ್ರೆಂಟ್ ಪರಿಷತ್ತು ಗ್ರಂಥಕ್ಕೂ, ಅಪೋಸ್ತಲರಿಂದ ಬಾಯಿಂದ ಬಾಯಿಗೆ ಬಂದ ಸಂಪ್ರದಾಯಕ್ಕೂ ಸಮಾನ ಗೌರವ ವಿಧಿಸಿತು. ಸಭೆ ಹೇಳುವ ಅರ್ಥಕ್ಕೆ ವಿರುದ್ಧವಾಗಿ ಯಾರೂ ಸ್ವಂತ ಅರ್ಥ ಕಟ್ಟಬಾರದೆಂದಿತು. ತಲೆಗೊಬ್ಬರು ತಲೆಗೊಂದು ಅರ್ಥ ಹೇಳಿದರೆ ತೀರ್ಪು ಕೊಡುವವರಾರು? 1529ರಲ್ಲಿ ಮಾರ್ಬರ್ಗ್‌ನಲ್ಲಿ ಲೂಥರನೂ ಸ್ವಿಟ್ಜರ್ಲೆಂಡಿನ ಜ್ವಿಂಗ್ಲಿಯೂ 14 ಅಂಶಗಳಲ್ಲಿ ಒಪ್ಪಿದರು. ಪ್ರಭುಭೋಜನದ ರೊಟ್ಟಿಯಲ್ಲಿ ಕ್ರಿಸ್ತನ ದೇಹ ನಿಜವಾಗಿ ಉಂಟೆ ಎಂಬ 15ನೆಯದರಲ್ಲಿ ಬೇರೆಯಾದರು. ಅಲ್ಲಿ ಪೋಪನಿರಲಿಲ್ಲ, ಗ್ರಂಥ ಒಂದೇ ಇತ್ತು. 1965ರಲ್ಲಿ ಎರಡನೆಯ ವ್ಯಾಟಿಕನ್ ಪರಿಷತ್ತು ಬೈಬಲ್ಲಿನ ಬಾಗಿಲನ್ನು ಎಲ್ಲ ಭಕ್ತರಿಗೂ ಅಗಲವಾಗಿ ತೆರೆಯಬೇಕೆಂದಿತು; ಅಧಿಕೃತ ಅರ್ಥ ಹೇಳುವ ಹೊಣೆಯನ್ನು ಮಾತ್ರ ಸಭೆಯ ಬೋಧನಾಧಿಕಾರದಲ್ಲೇ ಉಳಿಸಿಕೊಂಡಿತು.

ಈ ಪ್ರಶ್ನೆ ಪಂಡಿತರ ಮೇಜಿನ ಮೇಲೇ ಉಳಿದಿದ್ದರೆ ನಾವು ಇಷ್ಟು ಮಾತಾಡುತ್ತಿರಲಿಲ್ಲ. ಲೂಥರನ ಪುಸ್ತಕ ಬಂದ ಮೂರೇ ವರ್ಷಕ್ಕೆ ಅದು ಹೊಲಕ್ಕಿಳಿಯಿತು. 1525ರ ಮಾರ್ಚಿಯಲ್ಲಿ ಮೆಮ್ಮಿಂಗೆನ್ ಊರಿನಲ್ಲಿ ರೈತರ 12 ಬೇಡಿಕೆಗಳು ಸಿದ್ಧವಾದವು. ಅವನ್ನು ಬರೆದವನೆಂದು ಹೇಳಲಾಗುವ ಸೆಬಾಸ್ಟಿಯನ್ ಲೋಟ್ಸರ್ ತುಪ್ಪಳದ ಚರ್ಮ ಹೊಲಿಯುವ ಕಸುಬಿನವನು. ನಮ್ಮ ಪಾದ್ರಿಯನ್ನು ನಾವೇ ಆರಿಸಬೇಕು. ಕ್ರಿಸ್ತ ಎಲ್ಲರನ್ನೂ ಬಿಡಿಸಿದ ಮೇಲೆ ಜೀತವೆಲ್ಲಿಯದು. ಕಾಡಿನ ಸೌದೆ, ಹೊಳೆಯ ಮೀನು ಒಡೆಯರೊಬ್ಬರ ಸ್ವತ್ತಲ್ಲ. ಅಂಚಿನಲ್ಲಿ ಬೈಬಲ್ಲಿನ ಆಧಾರಗಳು! ಕೊನೆಯದಂತೂ, ಇವುಗಳಲ್ಲಿ ಯಾವುದಾದರೂ ಗ್ರಂಥಕ್ಕೆ ವಿರುದ್ಧವೆಂದು ತೋರಿಸಿದರೆ ಬಿಟ್ಟುಬಿಡುತ್ತೇವೆ ಎಂಬುದು. ವರ್ಮ್ಸ್‌ನಲ್ಲಿ ಲೂಥರ್ ಆಡಿದ್ದೂ ಇದೇ ಮಾತಲ್ಲವೆ?

ಲೂಥರ್ ಮೊದಲು ಒಡೆಯರನ್ನೂ ಬೈದ, ರೈತರಿಗೂ ಬುದ್ಧಿ ಹೇಳಿದ. ಆತ್ಮದ ಬಿಡುಗಡೆಯನ್ನು ಮೈಯ ಬಿಡುಗಡೆ ಮಾಡಿಕೊಳ್ಳಬೇಡಿರೆಂದ. ದಂಗೆ ಹಬ್ಬಿದ ಮೇಲೆ, ಹುಚ್ಚುನಾಯಿಯನ್ನು ಹೊಡೆದಂತೆ ಇವರನ್ನು ಹೊಡೆಯಿರಿ ಎಂದು ಬರೆದ. ರೈತರೂ ಕೊಲೆ ಮಾಡಿದ್ದರು. ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಮೇ 15ರಂದು ಫ್ರಾಂಕೆನ್‌ಹೌಸೆನ್‌ನಲ್ಲಿ ಸಾವಿರಗಟ್ಟಲೆ ರೈತರನ್ನು ಕೊಚ್ಚಿದ ಪಡೆಗಳು ಯಾರವು? ಕಥೋಲಿಕನಾದ ಸ್ಯಾಕ್ಸನಿಯ ಡ್ಯೂಕ್ ಜಾರ್ಜನವು, ಲೂಥರನ ಪಕ್ಷದ ಹೆಸ್ಸೆಯ ಫಿಲಿಪ್ಪನವು. ಸಂಪ್ರದಾಯದ ಜಗಳ ಆ ದಿನ ಅವರಿಗೆ ಅಡ್ಡ ಬರಲಿಲ್ಲ.

ಪಾದ್ರಿಯನ್ನು ಆರಿಸುವ ಹಕ್ಕು ಹಳ್ಳಿಗೆ ಬರಲಿಲ್ಲ. ಲೂಥರನ ಮತ ನಿಂತ ನಾಡುಗಳಲ್ಲಿ ಸಭೆಯ ಆಡಳಿತ ಪೋಪನ ಕೈಬಿಟ್ಟು ಅರಸರ ಕೈಸೇರಿತು. 1918ರಲ್ಲಿ ಜರ್ಮನಿಯ ಸಿಂಹಾಸನಗಳು ಉರುಳುವವರೆಗೂ ಅಲ್ಲೇ ಇತ್ತು.