ಹೈಬ್ರಿಡ್ ಕಾರನ್ನ ಹೊರಗಡೆ ಗ್ಯಾರೇಜ್‌ಗೆ ಬಿಡಬಹುದಾ?

ಮೆಟ್ರೋದಲ್ಲಿ ನಿಂತ್ಕೊಂಡು ಕೇಳ್ತಿರೋರಿಗೂ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕೂತು ಕೇಳ್ತಿರೋರಿಗೂ ಸ್ವಾಗತ. ಎರಡನೇ ಗುಂಪಿನವರಿಗೆ ಇವತ್ತಿನ ಕಂತು ಪೂರ್ತಿ ಮುಗಿಯೋಷ್ಟು ಟೈಮ್ ಖಂಡಿತ ಇದೆ.

ಇವತ್ತು ಹೊಸ ಕಾರಿನ ರಿವ್ಯೂ ಅಲ್ಲ. ಒಂದು ಪ್ರಶ್ನೆ. ವಾರಂಟಿ ಮುಗಿದ ಹೈಬ್ರಿಡ್ ಕಾರನ್ನ, ಅಥವಾ ಸೆಕೆಂಡ್ ಹ್ಯಾಂಡ್ ತಗೊಳ್ಳೋಕೆ ಹೊರಟಿರೋ ಹೈಬ್ರಿಡ್ ಕಾರನ್ನ, ನಮಗೆ ಪರಿಚಯ ಇರೋ ಮೆಕ್ಯಾನಿಕ್ ಹತ್ರ ತೋರಿಸಬಹುದಾ? ಇಲ್ಲಾ ಜೀವಮಾನ ಪೂರ್ತಿ ಕಂಪನಿ ಸರ್ವೀಸ್ ಸೆಂಟರ್‌ಗೇ ಹೋಗ್ಬೇಕಾ?

ನನ್ನ ಉತ್ತರ ಮೊದಲೇ ಹೇಳ್ಬಿಡ್ತೀನಿ. ಮುಕ್ಕಾಲು ಪಾಲು ಕೆಲಸಕ್ಕೆ ಧಾರಾಳವಾಗಿ ಹೋಗಬಹುದು. ಉಳಿದ ಕಾಲು ಪಾಲಿದೆಯಲ್ಲ, ಕಿತ್ತಳೆ ಬಣ್ಣದ ವೈರ್ ಇರೋ ಜಾಗ, ಅಲ್ಲಿ ಕೈ ಹಾಕೋರಿಗೆ ತರಬೇತಿನೂ ಇರಬೇಕು, ಗ್ಲೌಸೂ ಇರಬೇಕು. ಎರಡರಲ್ಲಿ ಒಂದಿಲ್ಲ ಅಂದ್ರೂ ಬೇಡ. ಯಾಕಂದ್ರೆ ಅಲ್ಲಿ ನಿಮ್ಮ ದುಡ್ಡಿಗಿಂತ ಮೊದಲು ಇರೋದು ಬಾನೆಟ್ ಒಳಗೆ ಬಗ್ಗಿರೋ ಹುಡುಗನ ಜೀವ.

ಈ ಪ್ರಶ್ನೆ ಈಗ ಯಾಕೆ ಬಂತು? ನಮ್ಮಲ್ಲಿ ಸ್ಟ್ರಾಂಗ್ ಹೈಬ್ರಿಡ್ ಅನ್ನೋದು ಮಧ್ಯಮ ವರ್ಗದ ಮನೆ ಬಾಗಿಲಿಗೆ ಬಂದಿದ್ದು 2022ರಲ್ಲಿ. ಹೋಂಡಾ ಸಿಟಿ ಹೈಬ್ರಿಡ್, ಟೊಯೊಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರ, ವರ್ಷದ ಕೊನೆಗೆ ಇನೋವಾ ಹೈಕ್ರಾಸ್. ಇದರಲ್ಲಿ ಹೋಂಡಾ ಒಂದನ್ನ ಬಿಟ್ರೆ ಉಳಿದಿದ್ದು ತಯಾರಾಗೋಕೆ ಶುರುವಾಗಿದ್ದೇ ನಮ್ಮ ಬಿಡದಿಯಲ್ಲಿ. ಮಾರುತಿ ಹೆಸರಿನ ಗ್ರ್ಯಾಂಡ್ ವಿಟಾರ ಕೂಡ ಅಲ್ಲೇ. ಈ ಕಾರುಗಳ ಹೈಬ್ರಿಡ್ ಬ್ಯಾಟರಿಗೆ ಕೊಡೋ ವಾರಂಟಿ 8 ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅದು. ಜನ 8 ವರ್ಷ ಅನ್ನೋದನ್ನ ಮಾತ್ರ ಕಿವಿಗೆ ಹಾಕ್ಕೊಂಡಿರ್ತಾರೆ. ದಿನಾ 150 ಕಿಲೋಮೀಟರ್ ಓಡಿಸೋರ ಲೆಕ್ಕ ಹಾಕಿ. ಮೂರು ವರ್ಷ ತುಂಬೋದರೊಳಗೆ ಆ ವಾರಂಟಿ ಮುಗೀತು. ಅಂಥ ಕಾರುಗಳು ಈಗ ಸೆಕೆಂಡ್ ಹ್ಯಾಂಡ್ ಮಾರ್ಕೆಟ್‌ಗೆ ಬರ್ತಾ ಇವೆ.

ಮೊದಲು ಒಂದು ಗೊಂದಲ ಬಗೆಹರಿಸೋಣ. ಹಿಂದೆ 'ಹೈಬ್ರಿಡ್' ಅಂತ ಬ್ಯಾಡ್ಜ್ ಇದ್ದ ಮಾತ್ರಕ್ಕೆ ಎಲ್ಲಾ ಒಂದೇ ಅಲ್ಲ. ಸಿಯಾಜ್, ಎರ್ಟಿಗಾದಲ್ಲಿ ಬರ್ತಿದ್ದ ಸ್ಮಾರ್ಟ್ ಹೈಬ್ರಿಡ್ ಇದೆಯಲ್ಲ, ಅದು ಮೈಲ್ಡ್. ಅದರ ಕರೆಂಟು 12 ವೋಲ್ಟ್ ಮಟ್ಟದ್ದು, ಶಾಕ್ ಹೊಡೆಯೋ ಭಯ ಇಲ್ಲ. ಅದನ್ನ ಮಾಮೂಲಿ ಪೆಟ್ರೋಲ್ ಕಾರಿನ ಹಾಗೇ ಯಾವ ಒಳ್ಳೆ ಗ್ಯಾರೇಜಿಗೆ ಬೇಕಾದ್ರೂ ಬಿಡಿ. ಸ್ಟ್ರಾಂಗ್ ಹೈಬ್ರಿಡ್ ಬೇರೆ. ಅದು ಎಂಜಿನ್ ಆಫ್ ಮಾಡ್ಕೊಂಡು ಬರೀ ಮೋಟರ್‌ನಲ್ಲೇ ಓಡಬಲ್ಲದು. ಅದರ ಬ್ಯಾಟರಿ 200 ವೋಲ್ಟಿನ ಆಸುಪಾಸು, ಡಿಸಿ ಕರೆಂಟು. ಟೊಯೊಟಾ ಪದ್ಧತಿಯಲ್ಲಿ ಇನ್ವರ್ಟರ್ ಒಳಗೆ ಅದು ಇನ್ನೂ ಮೇಲೇರುತ್ತೆ. ನಾನು ಮಾತಾಡ್ತಿರೋದು ಇದರ ಬಗ್ಗೆ.

ಇನ್ನು ವಿಷಯಕ್ಕೆ ಬರೋಣ. ನಮ್ಮ ಚಿಕ್ಕಪ್ಪನ ಮಗ ಒಂದು ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ನೋಡಿದ್ದ. ಲಕ್ಷಕ್ಕಿಂತ ಜಾಸ್ತಿ ಓಡಿತ್ತು, ರೇಟ್ ಕಮ್ಮಿ ಇತ್ತು. 'ಬಾರೋ, ಒಂದ್ಸಲ ತೋರಿಸ್ಕೊಂಡು ಬರೋಣ' ಅಂತ ಕರೆದ. ಎರಡು ಗ್ಯಾರೇಜಿಗೆ ಹೋದ್ವಿ. ಹೆಸರು ಬೇಡ.

ಮೊದಲನೇದು ನಮ್ಮ ಮನೆಯವರೆಲ್ಲ ವರ್ಷಗಟ್ಟಲೆ ಹೋಗ್ತಿರೋ ಜಾಗ. ಮೇಸ್ತ್ರಿ ಕೈಗುಣ ಚೆನ್ನಾಗಿದೆ, ಸಸ್ಪೆನ್ಷನ್ ಸದ್ದು ಕೇಳಿಯೇ ಯಾವ ಬುಷ್ ಹೋಗಿದೆ ಅಂತ ಹೇಳ್ತಾರೆ. ಕಾರು ಆನ್‌ನಲ್ಲಿತ್ತು, ಆದ್ರೆ ಎಂಜಿನ್ ಸದ್ದಿಲ್ಲ. ಅಲ್ಲಿದ್ದ ಚಿಕ್ಕ ಹುಡುಗ ಬಾನೆಟ್ ಎತ್ತಿ, 'ಅಣ್ಣ, ಆಫ್ ಇದೆ' ಅಂತ ಕೈ ಒಳಗೆ ಹಾಕಿದ. ಅದೇ ಹೊತ್ತಿಗೆ ಎಂಜಿನ್ ತಾನಾಗೇ ಸ್ಟಾರ್ಟ್ ಆಯ್ತು. ಹುಡುಗ ಹೌಹಾರಿ ಕೈ ತೆಗೆದ. ಏನೂ ಆಗ್ಲಿಲ್ಲ. ಮೇಸ್ತ್ರಿ ಬಂದು ನೋಡಿ, 'ಸರ್, ಕೆಳಗಿಂದು, ಬ್ರೇಕು, ಟೈರು, ಬಾಡಿ ಎಲ್ಲ ನಾನು ನೋಡಿ ಹೇಳ್ತೀನಿ. ಆ ಆರೆಂಜ್ ವೈರ್ ಕೆಲಸ ನನಗೆ ಗೊತ್ತಿಲ್ಲ, ಬೇರೆ ಕಡೆ ತೋರಿಸಿ' ಅಂದ್ರು. ನನ್ನ ಪ್ರಕಾರ ಒಳ್ಳೆ ಗ್ಯಾರೇಜ್ ಅಂದ್ರೆ ಇದು. ಗೊತ್ತಿಲ್ಲ ಅಂತ ಹೇಳೋ ಮೆಕ್ಯಾನಿಕ್‌ನ ಕಳ್ಕೋಬೇಡಿ.

ಆ ಹುಡುಗನಿಗೆ ಗೊತ್ತಿಲ್ಲದೇ ಇದ್ದ ಸಂಗತಿ ನಿಮಗೆ ಗೊತ್ತಿರಲಿ. ಡ್ಯಾಶ್‌ಬೋರ್ಡ್‌ನಲ್ಲಿ 'ರೆಡಿ' ಅಂತ ದೀಪ ಉರೀತಿದ್ರೆ ಕಾರು ಆನ್ ಇದೆ ಅಂತಲೇ ಅರ್ಥ, ಎಷ್ಟೇ ನಿಶ್ಶಬ್ದ ಇರಲಿ. ಬ್ಯಾಟರಿ ಸ್ವಲ್ಪ ಇಳಿದ ಕೂಡಲೇ ಎಂಜಿನ್ ಹೇಳದೆ ಕೇಳದೆ ಶುರುವಾಗುತ್ತೆ. ಹಾಗಾಗಿ ಕಾರನ್ನ ಯಾರ ಕೈಗೆ ಕೊಟ್ರೂ ಮೊದಲು ಪವರ್ ಆಫ್ ಮಾಡಿ, ಸ್ಮಾರ್ಟ್ ಕೀನ ಕಾರಿಂದ ದೂರ ಇಡಿ. ಜೇಬಲ್ಲಿಟ್ಕೊಂಡು ಬಾನೆಟ್ ಪಕ್ಕ ನಿಂತ್ಕೊಂಡ್ರೆ ಪ್ರಯೋಜನ ಇಲ್ಲ.

ಎರಡನೇ ಗ್ಯಾರೇಜ್ ಹೈಬ್ರಿಡ್ ಕೆಲಸ ಮಾಡೋದು. ಅವರು ಮೊದಲು ಮುಟ್ಟಿದ್ದು ಸ್ಪ್ಯಾನರ್ ಅಲ್ಲ, ಸ್ಕ್ಯಾನರ್. ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿ ಎರಡು ವಿಷಯ ನೋಡಿದ್ರು. ಒಂದು, ಹಳೇ ಎರರ್ ಕೋಡ್‌ಗಳನ್ನ ಇತ್ತೀಚೆಗೆ ಅಳಿಸಿದ್ದಾರಾ ಅಂತ. ಮಾರೋಕೆ ಮುಂಚೆ ವಾರ್ನಿಂಗ್ ಲೈಟ್ ಆರಿಸಿ ತರೋರು ಇದ್ದಾರೆ. ಆದ್ರೆ ಕೋಡ್ ಅಳಿಸಿದ್ರೆ ಕಾರಿನ ಸ್ವಂತ ಪರೀಕ್ಷೆಗಳೂ 'ಅಪೂರ್ಣ' ಅಂತ ಆಗಿಬಿಡುತ್ತೆ, ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಅನ್ನೋದೂ ಕಾಣುತ್ತೆ. ಲಕ್ಷ ಓಡಿರೋ ಕಾರಲ್ಲಿ ಕೋಡ್ ಅಳಿಸಿ ಬರೀ 12 ಕಿಲೋಮೀಟರ್ ಆಗಿದ್ರೆ ಅನುಮಾನ ಪಡಲೇಬೇಕು. ಟೊಯೊಟಾ ಪದ್ಧತಿಯ ಕಾರಲ್ಲಿ 'ಪಿ0ಎ80' ಅನ್ನೋ ಕೋಡ್ ಬಂದ್ರೆ, ಅದು ಹೈಬ್ರಿಡ್ ಬ್ಯಾಟರಿ ಪ್ಯಾಕ್ ಬದಲಿಸೋ ಹಂತದ ಸೂಚನೆ.

ಎರಡು, ಬ್ಯಾಟರಿಯ ಬ್ಲಾಕ್‌ಗಳು. ಆ ದೊಡ್ಡ ಬ್ಯಾಟರಿ ಅನ್ನೋದು ಒಂದೇ ಪೆಟ್ಟಿಗೆ ಅಲ್ಲ, ಸಣ್ಣ ಸಣ್ಣ ಸೆಲ್‌ಗಳ ಗುಂಪು. ನಿಂತಾಗ ಎಲ್ಲದರ ವೋಲ್ಟೇಜೂ ಸಮವಾಗೇ ತೋರಿಸುತ್ತೆ. ಅದಕ್ಕೇ ಸ್ಕ್ಯಾನರ್ ಇಟ್ಕೊಂಡೇ ಫ್ಲೈಓವರ್ ಹತ್ತಿಸಿ, ಇಳಿಸಿ ನೋಡಿದ್ರು. ಹತ್ತುವಾಗ ಒಂದೇ ಬ್ಲಾಕ್ ಉಳಿದವಕ್ಕಿಂತ ಬೇಗ ಕುಸಿದು, ಇಳಿಯುವಾಗ ಅದೇ ಬ್ಲಾಕ್ ಬೇಗ ಮೇಲೆ ಹಾರಿದ್ರೆ, ಅದು ದುರ್ಬಲ. ಸ್ಕ್ಯಾನರ್ ಇಲ್ಲದೋರೂ ಒಂದು ಮಟ್ಟಿಗೆ ನೋಡಬಹುದು. ಅರ್ಧ ಗಂಟೆ ಟೆಸ್ಟ್ ಡ್ರೈವ್ ಕೇಳಿ. ಪರದೆ ಮೇಲಿನ ಬ್ಯಾಟರಿ ಗೀಟುಗಳು ಎರಡು ನಿಮಿಷದಲ್ಲಿ ತುಂಬಿ, ಎರಡು ನಿಮಿಷದಲ್ಲಿ ಖಾಲಿ ಆಗ್ತಿದ್ರೆ ಬ್ಯಾಟರಿಯ ಆರೋಗ್ಯ ಸರಿ ಇಲ್ಲ.

ಆಮೇಲೆ ಅವರು ಕ್ಯಾಬಿನ್ ಒಳಗೆ ಬ್ಯಾಟರಿಗೆ ಗಾಳಿ ಎಳ್ಕೊಳ್ಳೋ ಜಾಲರಿ ತೋರಿಸಿದ್ರು. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನಮ್ಮ ಊರಿನ ಧೂಳಿಗೆ ಇದೇ ಮುಖ್ಯ. ಗಾಳಿಯಿಂದ ತಂಪಾಗೋ ಬ್ಯಾಟರಿ ಇರೋ ಕಾರಲ್ಲಿ ಒಂದು ಸಣ್ಣ ಫ್ಯಾನ್ ಇರುತ್ತೆ. ಅದು ಒಳಗಿನ ಎಸಿ ಗಾಳಿನ ಎಳೆದು ಬ್ಯಾಟರಿ ಮೇಲೆ ಬಿಡುತ್ತೆ. ಅದರ ಬಾಯಿ ಎಷ್ಟೋ ಮಾಡೆಲ್‌ಗಳಲ್ಲಿ ಹಿಂದಿನ ಸೀಟಿನ ಹತ್ರ. ಅಲ್ಲಿ ಫಿಲ್ಟರ್ ಇದೆ ಅಂತ ಮಾಲೀಕರಿಗೇ ಗೊತ್ತಿರಲ್ಲ. ಅದರ ಎದುರಿಗೆ ಬ್ಯಾಗ್ ಇಡ್ತಾರೆ, ನಾಯಿ ಮಲಗಿಸ್ತಾರೆ. ಧೂಳು, ಕೂದಲು ಕಟ್ಟಿಕೊಂಡು ಗಾಳಿ ನಿಲ್ಲುತ್ತೆ, ಬ್ಯಾಟರಿ ಬಿಸಿಯಾಗುತ್ತೆ, ಆಯಸ್ಸು ಇಳಿಯುತ್ತೆ. ನಿಮ್ಮ ಕಾರಲ್ಲಿ ಅದು ಎಲ್ಲಿದೆ ಅಂತ ಮ್ಯಾನ್ಯುಯಲ್ ತೆಗೆದು ನೋಡಿ, ಪ್ರತಿ ಸರ್ವೀಸಿಗೂ ಕ್ಲೀನ್ ಮಾಡಿಸಿ. ನಮ್ಮ ಚಿಕ್ಕಪ್ಪನ ಮಗ ನೋಡಿದ ಕಾರಲ್ಲಿ ಆ ಜಾಲರಿ ಕಂಬಳಿ ಥರ ಆಗಿತ್ತು.

ಬೆಂಗಳೂರಲ್ಲಿ ಕಾರು ತಗೊಳ್ಳೋರಿಗೆ ಇನ್ನೊಂದು ಮಾತು. 2022ರ ಸೆಪ್ಟೆಂಬರ್ ಮಳೆ ನೆನಪಿದೆಯಲ್ಲ, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆ ಕಡೆ ಬಡಾವಣೆ ಬಡಾವಣೆಯೇ ನೀರಲ್ಲಿತ್ತು. ನೀರಲ್ಲಿ ಮುಳುಗಿದ ಹೈಬ್ರಿಡ್ ಎಷ್ಟೇ ಪಾಲಿಶ್ ಆಗಿರಲಿ, ದೂರ ಇರಿ. ಸ್ಟೆಪ್ನಿ ಗುಂಡಿ, ಸೀಟಿನ ಹಳಿ, ಕಾರ್ಪೆಟ್ ಅಡಿ ಒಣಗಿದ ಕೆಸರು, ತುಕ್ಕು ಇದೆಯಾ ಅಂತ ಕೈ ಹಾಕಿ ನೋಡಿ.

ಸರಿ, ಸರ್ವೀಸ್ ವಿಷಯ. ಎಂಜಿನ್ ಆಯಿಲ್, ಏರ್ ಫಿಲ್ಟರ್, ಟೈರ್, ಅಲೈನ್‌ಮೆಂಟ್, ಸಸ್ಪೆನ್ಷನ್, ಇವೆಲ್ಲ ಮಾಮೂಲಿ. ಆಯಿಲ್ ಮಾತ್ರ ಮ್ಯಾನ್ಯುಯಲ್‌ನಲ್ಲಿ ಬರೆದಿರೋ ಗ್ರೇಡೇ ಆಗಬೇಕು. ಬಹಳಷ್ಟು ಹೈಬ್ರಿಡ್‌ಗಳಿಗೆ ತೀರಾ ತೆಳು ಆಯಿಲ್ ಬೇಕು. 'ನಮ್ಮೂರ ಬಿಸಿಲಿಗೆ ದಪ್ಪದ್ದೇ ವಾಸಿ ಸರ್' ಅಂದ್ರೆ ಒಪ್ಪಬೇಡಿ. ಕೂಲೆಂಟ್ ಬಾಟ್ಲಿ ಎರಡಿರಬಹುದು, ಒಂದು ಎಂಜಿನ್‌ಗೆ, ಒಂದು ಇನ್ವರ್ಟರ್‌ಗೆ. ಎರಡನ್ನೂ ನೋಡಿಸಿ.

ಗ್ಯಾರೇಜಿನವರಿಗೆ ಹೈಬ್ರಿಡ್ ಗೊತ್ತಾ ಇಲ್ವಾ ಅಂತ ತಿಳ್ಕೊಳ್ಳೋಕೆ ಒಂದು ಉಪಾಯ ಹೇಳ್ತೀನಿ. ಟೊಯೊಟಾ ಪದ್ಧತಿಯ ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಡೈನಮೋ ಇಲ್ಲ, ಸೆಲ್ಫ್ ಮೋಟರ್ ಇಲ್ಲ, ಕ್ಲಚ್ ಪ್ಲೇಟ್ ಇಲ್ಲ. ಆ ಕೆಲಸ ಎಲ್ಲ ದೊಡ್ಡ ಮೋಟರ್‌ಗಳೇ ಮಾಡ್ತವೆ. ಎಸ್ಟಿಮೇಟ್‌ನಲ್ಲಿ 'ಸೆಲ್ಫ್ ಓವರ್‌ಹಾಲ್' ಅಂತ ಬರೆದಿದ್ರೆ ನಗುತ್ತಾ ಕೀ ವಾಪಸ್ ಈಸ್ಕೊಂಡು ಬನ್ನಿ.

ಜನ ಮೋಸ ಹೋಗೋದು ಎಸಿಯಲ್ಲಿ. 'ಗ್ಯಾಸ್ ತುಂಬಿಸೋದು ತಾನೇ' ಅಂತ ರಸ್ತೆ ಬದಿ ಎಸಿ ಅಂಗಡಿಗೆ ಹೋಗ್ತಾರೆ. ಸ್ಟ್ರಾಂಗ್ ಹೈಬ್ರಿಡ್‌ನ ಎಸಿ ಕಂಪ್ರೆಸರ್ ಆ ದೊಡ್ಡ ಬ್ಯಾಟರಿ ಕರೆಂಟಿನಿಂದಲೇ ಓಡೋದು. ಅದರ ಒಳಗಿನ ಆಯಿಲ್ ಕರೆಂಟು ಹಾಯದೇ ಇರೋ ಬೇರೆ ಜಾತಿಯದು. ಮಾಮೂಲಿ ಕಾರಿನ ಕಂಪ್ರೆಸರ್ ಆಯಿಲ್ ಸ್ವಲ್ಪ ಬೆರೆತ್ರೂ ಇನ್ಸುಲೇಷನ್ ಹಾಳಾಗುತ್ತೆ, ಕಾರಿನ ಕಂಪ್ಯೂಟರು ಕರೆಂಟ್ ಲೀಕ್ ಅಂತ ಎರರ್ ಕೊಡುತ್ತೆ. ಆ ಅಂಗಡಿಯ ಗ್ಯಾಸ್ ಮಷೀನ್ ಪೈಪಲ್ಲಿ ಹಿಂದಿನ ಕಾರಿನ ಆಯಿಲ್ ಉಳಿದಿರುತ್ತೆ, ಅಷ್ಟೇ ಸಾಕು. ಹಾಗಾಗಿ 'ಹೈಬ್ರಿಡ್‌ಗೆ ಬೇರೆ ಆಯಿಲ್, ಬೇರೆ ಪೈಪ್ ಇದೆಯಾ' ಅಂತ ಕೇಳಿ.

ಬ್ರೇಕ್ ಪ್ಯಾಡ್ ಈ ಕಾರುಗಳಲ್ಲಿ ನಿಧಾನವಾಗಿ ಸವೆಯುತ್ತೆ, ಮೋಟರ್‌ ಕೂಡ ಬ್ರೇಕ್ ಕೆಲಸ ಮಾಡೋದ್ರಿಂದ. ಬಳಕೆ ಕಮ್ಮಿ ಆದ್ರಿಂದ ಕ್ಯಾಲಿಪರ್ ಪಿನ್ ಹಿಡ್ಕೊಳ್ಳೋದು, ಡಿಸ್ಕ್ ತುಕ್ಕು ಬರೋದು ಇದೆ. ಪ್ಯಾಡ್ ದಪ್ಪ ಇದೆ ಅಂತ ಚಕ್ರ ಬಿಚ್ಚದೇ ಬಿಡಬಾರದು. ಬ್ರೇಕ್ ಆಯಿಲ್ ಬದಲಿಸೋಕೆ ಬಹಳ ಕಡೆ ಸ್ಕ್ಯಾನರ್ ಬೇಕಾಗುತ್ತೆ.

ಇನ್ನು ಕಾರು ಬೆಳಿಗ್ಗೆ ಎದ್ದೇ ಏಳದಿದ್ರೆ ದೊಡ್ಡ ಬ್ಯಾಟರಿ ಹೋಯ್ತು ಅಂತ ಎದೆ ಒಡ್ಕೋಬೇಡಿ. ಎಷ್ಟೋ ಸಲ ಹೋಗಿರೋದು ಮಾಮೂಲಿ 12 ವೋಲ್ಟಿನ ಚಿಕ್ಕ ಬ್ಯಾಟರಿ. ಅದು ಕಂಪ್ಯೂಟರ್‌ನ ಎಬ್ಬಿಸದಿದ್ರೆ ದೊಡ್ಡ ಬ್ಯಾಟರಿ ಬಾಗಿಲೇ ತೆಗೆಯಲ್ಲ. ಮೊದಲು ಅದನ್ನ ಚೆಕ್ ಮಾಡಿಸಿ. ಲಕ್ಷದ ಮಾತಾಡೋರ ಹತ್ರ ಹೋಗೋಕೆ ಮುಂಚೆ.

ಕಿತ್ತಳೆ ವೈರ್ ಕೆಲಸಕ್ಕೆ ಬಂದ್ರೆ, ಎರಡನೇ ಗ್ಯಾರೇಜಿನ ಮೇಸ್ತ್ರಿ ಮಾಡಿ ತೋರಿಸಿದ ಕ್ರಮ ಹೀಗಿತ್ತು. ಪವರ್ ಆಫ್, ಕೀ ದೂರ. ಚಿಕ್ಕ ಬ್ಯಾಟರಿಯ ನೆಗೆಟಿವ್ ಬಿಚ್ಚಿದ್ರು. 1000 ವೋಲ್ಟ್ ತಡೆಯೋ ರಬ್ಬರ್ ಗ್ಲೌಸು ತಗೊಂಡು, ಬಾಯಿಂದ ಸುರುಳಿ ಸುತ್ತಿ ಗಾಳಿ ಹಿಡಿದು, ಎಲ್ಲಾದ್ರೂ ಸೂಜಿ ತೂತಿದೆಯಾ ಅಂತ ಒತ್ತಿ ನೋಡಿದ್ರು. ಆಮೇಲೆ ಸರ್ವೀಸ್ ಪ್ಲಗ್ ಕಿತ್ತು ತಮ್ಮ ಜೇಬಿಗೇ ಹಾಕ್ಕೊಂಡ್ರು. 'ಟೇಬಲ್ ಮೇಲಿಟ್ರೆ ಯಾರಾದ್ರೂ ಹುಡುಗ್ರು ಸಹಾಯ ಅಂತ ವಾಪಸ್ ಹಾಕ್ಬಿಡ್ತಾರೆ ಸರ್' ಅಂದ್ರು. ಅಲ್ಲಿಂದ 10 ನಿಮಿಷ ಯಾರೂ ಮುಟ್ಟಲಿಲ್ಲ. ಇನ್ವರ್ಟರ್ ಒಳಗಿನ ಕೆಪಾಸಿಟರ್‌ಗಳು ಇಳಿಯೋಕೆ ಆ ಸಮಯ. ಆಮೇಲೂ ಮೀಟರ್ ಹಿಡಿದು ಸೊನ್ನೆ ವೋಲ್ಟ್ ನೋಡಿ, ಕೆಲಸಕ್ಕೆ ಕೈ ಹಾಕಿದ್ರು. ಆ 10 ನಿಮಿಷ ಕಾಯೋಕೆ 'ಟೈಮ್ ಆಗುತ್ತೆ ಸರ್' ಅನ್ನೋ ಗ್ಯಾರೇಜಲ್ಲಿ ಎಷ್ಟೇ ಅಗ್ಗ ಇರಲಿ, ನಾನಂತೂ ಕಾರು ಬಿಡಲ್ಲ. ಗ್ಲೌಸ್ ಇದೆಯಾ ಅಂತ ಕೇಳೋಕೆ ಸಂಕೋಚನೂ ಪಡಲ್ಲ.

ಕೊನೇದಾಗಿ ವಾರಂಟಿ. ಹೊರಗಡೆ ಒಂದ್ಸಲ ಆಯಿಲ್ ಹಾಕಿಸಿದ್ರೆ ವಾರಂಟಿ ಪೂರ್ತಿ ಹೋಯ್ತು ಅಂತ ಹೆದರಿಸ್ತಾರೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಮೇಲೆ ದಂಡ ಹಾಕಿತ್ತು. ಬಿಡಿಭಾಗ, ಸ್ಕ್ಯಾನ್ ಉಪಕರಣ ಹೊರಗಿನ ಗ್ಯಾರೇಜ್‌ಗಳಿಗೆ ಸಿಗದ ಹಾಗೆ ಮಾಡಿದ್ದು ಅದರ ಮುಖ್ಯ ಕಾರಣ. ಹೊರಗೆ ರಿಪೇರಿ ಮಾಡಿಸಿದ್ರು ಅನ್ನೋ ಒಂದೇ ಕಾರಣಕ್ಕೆ ವಾರಂಟಿ ಸಾರಾಸಗಟಾಗಿ ರದ್ದು ಅನ್ನೋ ಷರತ್ತು ಹಾಕಬಾರದು ಅಂತಲೂ ಆ ಆದೇಶ ಹೇಳಿತ್ತು. ಕಂಪನಿಗಳು ಇದನ್ನ ನ್ಯಾಯಮಂಡಳಿ, ಕೋರ್ಟು ಅಂತ ಎಳ್ಕೊಂಡು ಹೋದ್ವು. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿ ಹಕ್ಕು' ಪೋರ್ಟಲ್ ಶುರು ಮಾಡ್ತು, ಅದರಲ್ಲಿ ವಾಹನಗಳೂ ಸೇರಿವೆ. ಇಷ್ಟಿದ್ರೂ ನನ್ನ ಸಲಹೆ ಸರಳ. ಹೈಬ್ರಿಡ್ ಬ್ಯಾಟರಿ ವಾರಂಟಿ ಇರೋವರೆಗೆ ಕಿತ್ತಳೆ ವೈರಿನ ಕೆಲಸ ಕಂಪನಿಯಲ್ಲೇ ಮಾಡಿಸಿ. ಹೊರಗೆ ಮಾಡಿಸಿದ ಪ್ರತಿ ಕೆಲಸಕ್ಕೂ ದಿನಾಂಕ, ಕಿಲೋಮೀಟರ್, ಆಯಿಲ್ ಗ್ರೇಡ್ ಬರೆದಿರೋ ಬಿಲ್ ಈಸ್ಕೊಳ್ಳಿ. ಬಿಳಿ ಚೀಟಿ ಬೇಡ. ನಾಳೆ ಮಾರುವಾಗ ಅದೇ ನಿಮಗೆ ಬೆಲೆ ತರೋದು.

ಚಿಕ್ಕಪ್ಪನ ಮಗ ಆ ಕಾರು ತಗೊಂಡ್ನಾ ಅಂತ ಕೇಳ್ತೀರಾ? ಸ್ಕ್ಯಾನ್‌ನಲ್ಲಿ ಒಂದು ಬ್ಲಾಕ್ ಮಂಕಾಗಿತ್ತು. ರಿಪೋರ್ಟ್ ತೋರಿಸಿ ಬೆಲೆ ಇಳಿಸಿ ಅಂದ. ಮಾರೋರು ಒಪ್ಪಲಿಲ್ಲ. ಈಗ ಇನ್ನೊಂದು ನೋಡ್ತಾ ಇದ್ದಾನೆ, ಈ ಭಾನುವಾರ ಫ್ಲೈಓವರ್ ಹತ್ತಿಸೋಕೆ ನನ್ನನ್ನೂ ಕರೆದಿದ್ದಾನೆ. ನಿಮ್ಮ ಊರಲ್ಲಿ ಗ್ಲೌಸ್ ಹಾಕ್ಕೊಂಡು ಕೆಲಸ ಮಾಡೋ ಗ್ಯಾರೇಜ್ ಗೊತ್ತಿದ್ರೆ ನಮಗೆ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ವಾರ ಸಿಗೋಣ.